ದೇಶಭಾಷೆಗಳನ್ನು ಎಣಿಸಿದ ಗ್ರಿಯರ್ಸನ್ ಸಾಹೇಬರು

ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ ದುಂದುಗಾರ ಮಗನ ಸಾಮ್ಯವನ್ನು ಕೇಳದವರು ನಮ್ಮ ಸಭೆಗಳಲ್ಲಿ ಒಬ್ಬರೂ ಇರಲಾರರು. ಆದರೆ ಆ ಸಾಮ್ಯವು ಒಂದಾನೊಂದು ಕಾಲದಲ್ಲಿ ಸರಕಾರದ ಅಪ್ಪಣೆಯಿಂದ ಇಂಡಿಯಾ ದೇಶದ ನೂರಾರು ಮಾತುಗಳಲ್ಲಿ ಬರೆಯಲ್ಪಟ್ಟಿತೆಂಬದನ್ನೂ, ಆ ಕಾರ್ಯವನ್ನು ನಡಿಸಿದವರು ಐರ್ಲೆಂಡಿನವರೆಂಬದನ್ನೂ, ಅದರಲ್ಲಿ ನಮ್ಮ ಕನ್ನಡದ ಭಾಗವನ್ನು ಸಿದ್ಧಪಡಿಸಿದವರು ನಾರ್ವೆ ದೇಶದವರೆಂಬದನ್ನೂ ಬಲ್ಲವರು ಕೊಂಚ ಮಂದಿಯೇ.

ಜಾರ್ಜ್ ಅಬ್ರಹಾಮ್ ಗ್ರಿಯರ್ಸನ್ನರು 1851ನೆಯ ಇಸವಿ ಜನವರಿ 7ರಲ್ಲಿ ಡಬ್ಲಿನ್ ಪಟ್ಟಣದ ಬಳಿಯ ಗ್ಲೆನಗೇರಿ ಎಂಬಲ್ಲಿ ಹುಟ್ಟಿದರು. ಅವರ ಮನೆತನದವರು ಐರ್ಲೆಂಡಿನಲ್ಲಿ ರಾಜಮುದ್ರಣಗಾರರೆಂದು ಹೆಸರಾದವರು. ಆ ಡಬ್ಲಿನ್ ಪಟ್ಟಣವಾದರೋ ನಾರ್ವೆ ಕಡೆಯಿಂದ ಹಡಗುಗಳಲ್ಲಿ ಬಂದ ಕಡಲುಗಳ್ಳರು 841ರಲ್ಲಿ ಪಾಳೆಯವನ್ನು ಹೂಡಿದ ಸ್ಥಳದಲ್ಲಿ ಬೆಳೆದದ್ದು. ಅವರು ಅನ್ಯದೇವತೆಗಳನ್ನು ಪೂಜಿಸುವವರಾಗಿದ್ದು, ಐರಿಷ್ ಸನ್ಯಾಸಿಗಳು ಕಟ್ಟಿದ್ದ ಅಯೋನಾ ದ್ವೀಪದ ಮಠದಲ್ಲಿ 806ರಲ್ಲಿ 68 ಮಂದಿಯನ್ನು ಕೊಂದರು. ಆದರೂ ತಾವು ಕೊಳ್ಳೆಹೊಡೆದ ಜನರ ವಿಶ್ವಾಸವೇ ಕಡೆಗೆ ಅವರನ್ನು ಗೆದ್ದಿತು. ಡಬ್ಲಿನ್ನಿನ ನಾರ್ವೆ ವಂಶದ ಅರಸನಾದ ಸಿಟ್ರಿಕ್ ಎಂಬವನು ರೋಮಾಪುರಕ್ಕೆ ಯಾತ್ರೆಮಾಡಿ ಬಂದು, ಸುಮಾರು 1030ರಲ್ಲಿ ಆ ಪಟ್ಟಣದಲ್ಲಿ ಕ್ರಿಸ್ತ ದೇವಾಲಯವನ್ನು ಸ್ಥಾಪಿಸಿದನು. ಅದು ಈಗಲೂ ನಿಂತಿದೆ. ಪ್ರಾಟೆಸ್ಟೆಂಟ್ ಸಭೆಯವರೇ ಅದರಲ್ಲಿ ಆರಾಧನೆ ನಡಿಸುತ್ತಾರೆ.

ಗ್ರಿಯರ್ಸನ್ನರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಓದಿದರು. ಅಲ್ಲಿ ಸಂಸ್ಕೃತವನ್ನೂ ಪ್ರಾಚೀನ ಐರಿಷ್ ಭಾಷೆಯನ್ನೂ ಬಲ್ಲ ಅಟ್ಕಿನ್ಸನ್ ಎಂಬ ಗುರುಗಳು ಅವರ ಮನಸ್ಸನ್ನು ನಮ್ಮ ದೇಶದ ಭಾಷೆಗಳ ಕಡೆಗೆ ತಿರುಗಿಸಿದರು. 1873ರಲ್ಲಿ ಅವರು ಬಂಗಾಳ ಪ್ರಾಂತ್ಯಕ್ಕೆ ಸರಕಾರಿ ಅಧಿಕಾರಿಯಾಗಿ ಬಂದು, ಬಹುಕಾಲ ಬಿಹಾರ ಸೀಮೆಯಲ್ಲಿದ್ದರು. ದೊರೆಗಳು ಕಚೇರಿಯ ಮೇಜಿನ ಮುಂದೆ ಕುಳಿತು ಹಳ್ಳಿಯವರ ಮಾತನ್ನು ಒರಟೆಂದು ಹಳಿಯುವದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಇವರು ಹಾಗೆ ಮಾಡಲಿಲ್ಲ. ನೇಗಿಲಿನ ಒಂದೊಂದು ಭಾಗಕ್ಕೆ ಒಕ್ಕಲಿಗನು ಏನೆನ್ನುತ್ತಾನೆ, ಬಂಡಿಯ ಗಾಲಿಯ ತುಂಡುಗಳಿಗೆ ಏನು ಹೆಸರು, ಮಡಕೆ, ಒಲೆ, ಕಣ, ಬಾವಿ, ಮದುವೆ, ಸಾಲ ಇವೆಲ್ಲವಕ್ಕೂ ಊರೂರಿನಲ್ಲಿ ಯಾವ ಯಾವ ಮಾತುಗಳುಂಟು ಎಂದು ವಿಚಾರಿಸಿ, ಚಿತ್ರಗಳ ಸಹಿತವಾಗಿ 1885ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಅಚ್ಚುಹಾಕಿಸಿದರು. ಪಂಡಿತರ ಕೋಶಗಳಲ್ಲಿ ಸ್ಥಳವಿಲ್ಲದ ಕೂಲಿಯವನ ನುಡಿಗೆ ಹೀಗೆ ಪುಸ್ತಕದಲ್ಲಿ ಸ್ಥಳವಾಯಿತು. ಅವರ ಎಲ್ಲಾ ಗ್ರಂಥಗಳಲ್ಲಿ ನಮಗೆ ಹೆಚ್ಚು ಪ್ರಿಯವಾಗಿ ತೋರುವದು ಇದೇ.

1886ರಲ್ಲಿ ವಿಯೆನ್ನಾ ಪಟ್ಟಣದಲ್ಲಿ ಕೂಡಿದ ವಿದ್ವಾಂಸರ ಮಹಾಸಭೆಯು ಇಂಡಿಯಾದ ಭಾಷೆಗಳನ್ನೆಲ್ಲಾ ಕ್ರಮವಾಗಿ ಪರಿಶೀಲಿಸಬೇಕೆಂದು ಸರಕಾರವನ್ನು ಬೇಡಿಕೊಂಡಿತು. 1898ರಲ್ಲಿ ಗ್ರಿಯರ್ಸನ್ನರು ಆ ಕಾರ್ಯಕ್ಕೆ ಮೇಲ್ವಿಚಾರಕರಾಗಿ ನೇಮಿಸಲ್ಪಟ್ಟರು. ಪ್ರತಿಯೊಂದು ಮಾತಿಗೂ ಮಾದರಿ ಬೇಕಲ್ಲವೇ? ಅದಕ್ಕಾಗಿ ಅವರು ದುಂದುಗಾರ ಮಗನ ಸಾಮ್ಯವನ್ನು ಆರಿಸಿಕೊಂಡರು. ನಾನು, ನೀನು, ಅವನು ಎಂಬ ಮೂರು ಪುರುಷಗಳೂ, ವಿಭಕ್ತಿಗಳಲ್ಲಿ ಹೆಚ್ಚಿನವುಗಳೂ, ಭೂತ, ವರ್ತಮಾನ, ಭವಿಷ್ಯತ್ತುಗಳೂ ಅದರಲ್ಲಿರುವದೇ ಇದಕ್ಕೆ ಕಾರಣ. ಈ ದೇಶದವರ ಮನಸ್ಸಿಗೆ ನೋವಾಗದ ಹಾಗೆ ಕೆಲವು ಪದಗಳನ್ನು ಸ್ವಲ್ಪ ಮಾರ್ಪಡಿಸಿದರು. ಇದು ಸರಿಯೋ ಎಂದು ಕೆಲವರು ಕೇಳಬಹುದು. ಆದರೆ ದೂರದಿಂದಲೇ ಮಗನನ್ನು ಕಂಡು ಓಡಿಬಂದ ತಂದೆಯು ಯಾವ ಭಾಷೆಯಲ್ಲಿಯೂ ಮಾಯವಾಗಲಿಲ್ಲ. ಇದರ ಜೊತೆಗೆ ಆಯಾ ಜನರ ಒಂದು ಕಥೆಯನ್ನೋ ಹಾಡನ್ನೋ, ಗೊತ್ತಾದ ಕೆಲವು ಪದಗಳ ಪಟ್ಟಿಯನ್ನೋ ತರಿಸಿದರು. ಅಧಿಕಾರಿಗಳೂ ಮಿಷನೆರಿಗಳೂ ಇವನ್ನು ಬರೆದು ಕಳುಹಿಸಿದರು.

ಇಷ್ಟು ದೊಡ್ಡ ರಾಶಿಯು ಒಬ್ಬರಿಂದ ಸಾಗುವಂಥದಲ್ಲ. ಗ್ರಿಯರ್ಸನ್ನರು ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನೆಲೆಸಿದ ಮೇಲೆ ನಾರ್ವೆಯ ಸ್ಟೆನ್ ಕಾನೋ ಎಂಬ ವಿದ್ವಾಂಸರು ಅವರಿಗೆ ಬಲಗೈಯಾದರು. ಮುಂಡಾ ಭಾಷೆಗಳನ್ನೂ ಕನ್ನಡ ಮೊದಲಾದ ದ್ರಾವಿಡ ಭಾಷೆಗಳನ್ನೂ ಕುರಿತು 1906ರಲ್ಲಿ ಹೊರಟ 4ನೆಯ ಸಂಪುಟವೂ, ಕೊಂಕಣಿ ಸಹಿತವಾದ ಮರಾಠಿಯ ಸಂಪುಟವೂ ಕಾನೋ ಅವರ ಕೈಕೆಲಸ. ಹಿಂದೆ ಕತ್ತಿ ಹಿಡಿದು ಐರ್ಲೆಂಡಿಗೆ ಬಂದವರ ದೇಶದವನೊಬ್ಬನೂ ಡಬ್ಲಿನ್ನಿನವನೊಬ್ಬನೂ ಹೀಗೆ ಕನ್ನಡದ ವಿಭಕ್ತಿ ಪ್ರತ್ಯಯಗಳ ಮೇಲೆ ಜೊತೆಯಾಗಿ ತಲೆಬಾಗಿದರು.

ಸಂತಾಲರ ಭಾಷೆಯ ವಿಷಯದಲ್ಲಿ ಇನ್ನೊಬ್ಬ ನಾರ್ವೆಯವರ ವ್ಯಾಕರಣವು ಕಾನೋ ಅವರಿಗೆ ಸಹಾಯವಾಯಿತು. ಅವರೇ ಲಾರ್ಸ್ ಓಲ್ಸೆನ್ ಸ್ಕ್ರೆಫ್ಸ್‌ರುಡ್. ಇವರು ಯೌವನದಲ್ಲಿ ಕುಡಿತಕ್ಕೂ ಕಳವಿಗೂ ಬಿದ್ದು ಸೆರೆಮನೆ ಸೇರಿ, ಅಲ್ಲಿಯೇ ಕರ್ತನ ಕಡೆಗೆ ತಿರುಗಿಕೊಂಡು, ತರುವಾಯ 1867ರಲ್ಲಿ ಸಂತಾಲರ ನಡುವೆ ಮಿಷನ್ ಸ್ಥಾಪಿಸಿ, 1873ರಲ್ಲಿ ಆ ವ್ಯಾಕರಣವನ್ನು ಪ್ರಕಟಿಸಿದರು. ದುಂದುಗಾರ ಮಗನ ಸಾಮ್ಯವನ್ನು ಇವರಿಗೆ ಬೇರೊಬ್ಬರು ವಿವರಿಸಬೇಕಾಗಿರಲಿಲ್ಲ.

ಒಂದು ಕೊರತೆಯನ್ನು ಹೇಳಲೇಬೇಕು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳೂ ಮದ್ರಾಸು ಪ್ರಾಂತ್ಯವೂ ಈ ಪರಿಶೀಲನೆಗೆ ಒಳಪಡಲಿಲ್ಲ. ಗ್ರಿಯರ್ಸನ್ನರು ನೇಮಕವಾದ ಆ 1898ರಲ್ಲಿಯೇ ಬೆಂಗಳೂರಿನಲ್ಲಿ ಪ್ಲೇಗು ಹಬ್ಬಿ, ಜನರ ವಾಸಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳು ಏರ್ಪಾಡಾಗುತ್ತಿದ್ದವು. ಚಾಮರಾಜಪೇಟೆಯು ಅದಕ್ಕೂ ಕೆಲವು ವರುಷ ಮೊದಲಿನದು. ಆ ಬೀದಿಗಳಲ್ಲಿ ಆಡುತ್ತಿದ್ದ ಕನ್ನಡವು ಈ ಸಂಪುಟಗಳಲ್ಲಿ ದೊರೆಯದು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳ ಕನ್ನಡವೂ, ದೂರದ ಮಧ್ಯಪ್ರಾಂತ್ಯದಲ್ಲಿ ದನಕಾಯುತ್ತಿದ್ದ ಗೋಲರರ ಕನ್ನಡವೂ ದೊರೆಯುತ್ತವೆ. ತಾಯಿನಾಡಿನಿಂದ ಅಗಲಿ ದೂರದಲ್ಲಿದ್ದ ಬಡಜನರ ನುಡಿಯು ಉಳಿದು, ರಾಜಧಾನಿಯ ನುಡಿಯು ಬಿಟ್ಟುಹೋದದ್ದು ವಿಚಿತ್ರವಲ್ಲವೇ?

ಈ ಕಾರ್ಯವು 1928ರಲ್ಲಿ ಮುಗಿಯಿತು. ಸಂಪುಟಗಳು 11, ಅವುಗಳ ಭಾಗಗಳು 19. ಎಣಿಕೆಗೆ ಬಂದ ಭಾಷೆಗಳು 179, ಉಪಭಾಷೆಗಳು 544. ಆಗ ಗ್ರಿಯರ್ಸನ್ನರಿಗೆ 77 ವರುಷ. ಇಂಗ್ಲೆಂಡಿನ ಅರಸನು ಅವರಿಗೆ ಅಪರೂಪದ ಬಿರುದನ್ನು ದಯಪಾಲಿಸಿದನು. ಅಷ್ಟಕ್ಕೇ ವಿಶ್ರಮಿಸದೆ ಕಾಶ್ಮೀರೀ ಭಾಷೆಯ ಕೋಶವನ್ನೂ 1932ರಲ್ಲಿ ಮುಗಿಸಿದರು. 1941ರ ಮಾರ್ಚಿಯಲ್ಲಿ ಕ್ಯಾಂಬರ್ಲಿಯಲ್ಲಿ ತೀರಿಕೊಂಡರು. ಕಾನೋ ಅವರು 1948ರಲ್ಲಿ ತೀರಿಕೊಂಡರು. ಪರಿಶೀಲನೆಯ ಕಾಲದಲ್ಲಿ ಆಯಾ ಭಾಷೆಯವರ ಬಾಯಿಂದಲೇ ಆ ಸಾಮ್ಯವನ್ನು ಹೇಳಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟಿದ್ದರು. ಆ ಧ್ವನಿಗಳನ್ನು ಶಿಕಾಗೋ ವಿಶ್ವವಿದ್ಯಾನಿಲಯದವರು ಈಗ ಯಾರು ಬೇಕಾದರೂ ಕೇಳುವಂತೆ ಒದಗಿಸಿದ್ದಾರೆ.