ಮುದ್ರಿಕೆಯ ಮುಂದೆ ಕುಳಿತ ಅರಸ: ಜಯಚಾಮರಾಜೇಂದ್ರ ಒಡೆಯರ ಸಂಗೀತಶ್ರವಣ

ಮಂಡ್ಯದ ವಿ.ಸಿ. ಫಾರಂ ಎಂಬ ಹೆಸರಿನ ಮೊದಲೆರಡು ಅಕ್ಷರಗಳು ವಿಶ್ವೇಶ್ವರಯ್ಯ ಕಾಲುವೆಯನ್ನು ಸೂಚಿಸುತ್ತವೆ. ಹಿಂದೆ ಇರ್ವಿನ್ ನಾಲೆಯೆಂದು ಕರೆಸಿಕೊಳ್ಳುತ್ತಿದ್ದುದು ಅದೇ. ಈ ನಾಲೆಯ ಬಯಲಿನಲ್ಲಿ, ಮದ್ದೂರು ಮಳವಳ್ಳಿಗಳ ಊರೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಭಾವಚಿತ್ರ ಇಂದಿಗೂ ಗೌರವದ ಸ್ಥಾನದಲ್ಲಿದೆ. ಅವರ ಉತ್ತರಾಧಿಕಾರಿಯಾದ ಜಯಚಾಮರಾಜೇಂದ್ರ ಒಡೆಯರ ಭಾವಚಿತ್ರ ಅಲ್ಲಿ ಅಪರೂಪ. ಇದರಲ್ಲಿ ಅಚ್ಚರಿಯೇನೂ ಇಲ್ಲ. ನಾಲ್ವಡಿಯವರ ಸಾಧನೆ ಗದ್ದೆಗೆ ಹರಿಯುವ ನೀರಾಗಿ ಕಣ್ಣಿಗೆ ಕಾಣುತ್ತದೆ. ಜಯಚಾಮರಾಜರ ಸಾಧನೆಯ ಬಹುಭಾಗ ಕಿವಿಗೆ ಸಂಬಂಧಿಸಿದ್ದು. ಅವರನ್ನು ಕೊನೆಯ ಅರಸರೆಂದು, ರಾಜ್ಯಪಾಲರೆಂದು, ವಾಗ್ಗೇಯಕಾರರೆಂದು ಪರಿಚಯಿಸುವ ಬರಹಗಳು ಕನ್ನಡದಲ್ಲಿ ಉಂಟು. ಈ ಎಲ್ಲಕ್ಕೂ ತಳಹದಿಯಾಗಿದ್ದ ಒಂದು ಶಿಸ್ತನ್ನು, ಅಂದರೆ ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ, ಮುಖ ಮುಖವಾಗಿ ಆಲಿಸಿ ತೂಗುವ ಶಿಸ್ತನ್ನು, ಅವರ ಜೀವನದ ನಡುವಿಟ್ಟು ನೋಡುವ ಪ್ರಯತ್ನ ಇಲ್ಲಿದೆ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ಅವರು ಬೆಳೆದ ಅರಮನೆಯಲ್ಲಿ ವೀಣೆಯೂ ಪಿಯಾನೊವೂ ಒಂದೇ ಛಾವಣಿಯ ಕೆಳಗಿದ್ದವು. ಆಸ್ಥಾನ ವಿದ್ವಾಂಸರ ಕಚೇರಿಯ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವನ್ನೂ ಪೋಷಿಸಿದ್ದ ಅರಮನೆ ಅದು. ಬಾಲ್ಯದಲ್ಲಿ ಅವರಿಗೆ ಮೊದಲು ಒಲಿದದ್ದು ಪಾಶ್ಚಾತ್ಯ ಸಂಗೀತ. ಪಿಯಾನೊ ಪಾಠ ಮೈಸೂರಿನ ಗುಡ್ ಶೆಪರ್ಡ್ ಕಾನ್ವೆಂಟಿನ ಸನ್ಯಾಸಿನಿಯೊಬ್ಬರಿಂದ ಆಯಿತು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಯೂರೋಪಿನ ಪ್ರವಾಸಕ್ಕೆ ಹೋದರು. ರಷ್ಯದ ಮಹಾನ್ ಪಿಯಾನೊವಾದಕ ರಾಖ್ಮಾನಿನೊವ್ ಅವರಲ್ಲಿ ಶಿಷ್ಯವೃತ್ತಿ ಮಾಡಬೇಕೆಂಬ ಆಸೆ ಆಗ ಅವರಿಗಿತ್ತು. ಯುದ್ಧ ಆರಂಭವಾಗಿ ಅದು ಕೈಗೂಡಲಿಲ್ಲ. 1940ರ ಮಾರ್ಚಿಯಲ್ಲಿ ತಂದೆಯೂ ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದರ ಹರೆಯದಲ್ಲಿ ಅವರು ಸಿಂಹಾಸನವೇರಿದರು. ವೃತ್ತಿವಾದಕನಾಗುವ ದಾರಿ ಅಲ್ಲಿಗೆ ಮುಚ್ಚಿತು. ಅಭ್ಯಾಸವನ್ನು ಮಾತ್ರ ಅವರು ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಮತ್ತು ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಪದವಿ 1945ರಲ್ಲಿ ಅವರಿಗೆ ಸಂದವು. ಯೂರೋಪಿನ ಸಭಾಂಗಣಗಳಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಈ ಅರಸನಿಗೆ ಆ ಸಂಗೀತವನ್ನು ತಂದುಕೊಡಬಲ್ಲ ಸಾಧನ ಮುಖ್ಯವಾಗಿ ಒಂದೇ, ಗ್ರಾಮಫೋನ್ ತಟ್ಟೆ.

ಆ ಕಾಲದ ತಟ್ಟೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮುಖದಲ್ಲಿ ಮೂರರಿಂದ ಹೆಚ್ಚೆಂದರೆ ಐದು ನಿಮಿಷದ ಸಂಗೀತ ಹಿಡಿಯುತ್ತಿತ್ತು. ಅರ್ಧ ಗಂಟೆಯನ್ನು ಮೀರುವ ಕನ್ಚರ್ಟೊ ಒಂದಕ್ಕೆ ಏಳೆಂಟು ಮುಖಗಳಾದರೂ ಬೇಕು. ಹೀಗೆ ಬಿಡಿಬಿಡಿಯಾದ ತಟ್ಟೆಗಳನ್ನು ಪುಸ್ತಕದ ಹಾಳೆಗಳಂತೆ ಲಕೋಟೆಗಳಲ್ಲಿಟ್ಟು ರಟ್ಟಿನ ಹೊದಿಕೆಯೊಳಗೆ ಕಟ್ಟಿದ ಸಂಪುಟವೇ ಆಲ್ಬಂ. ಇಂದು ಹಾಡುಗಳ ಯಾವ ಗುಚ್ಛಕ್ಕಾದರೂ ಬಳಸುವ ಆ ಪದದ ಮೂಲ ಈ ರಟ್ಟಿನ ಪುಸ್ತಕದಲ್ಲಿದೆ. ಕೇಳುವವನು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಮುಖ ತಿರುಗಿಸಬೇಕು, ಮುಳ್ಳು ಬದಲಿಸಬೇಕು, ಕತ್ತರಿಸಿ ನಿಂತ ಎಳೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕು. ಇದು ತೊಡಕೇ ಸರಿ. ಆದರೆ ದರ್ಬಾರಿನ ಕಚೇರಿಗೆ ಇಲ್ಲದ ಒಂದು ಗುಣ ಇದಕ್ಕಿತ್ತು. ಕಚೇರಿಯಲ್ಲಿ ಸಂದುಹೋದ ಸ್ವರ ಸಂದುಹೋದದ್ದೇ. ತಟ್ಟೆಯಲ್ಲಿ ಅದೇ ನಾಲ್ಕು ನಿಮಿಷವನ್ನು ಹತ್ತು ಬಾರಿ ಕೇಳಬಹುದು, ಅದೇ ಸಿಂಫನಿಯನ್ನು ಬೇರೆ ಬೇರೆ ನಿರ್ದೇಶಕರ ಕೈಯಲ್ಲಿ ಕೇಳಿ ಹೋಲಿಸಬಹುದು. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ. ಜಯಚಾಮರಾಜರ ಶ್ರವಣ ಈ ಜಾತಿಯದು.

ಅದಕ್ಕೆ ಹೊರಗಿನವರೊಬ್ಬರ ಸಾಕ್ಷ್ಯ ದೊರೆಯುತ್ತದೆ. ಎಚ್.ಎಂ.ವಿ. ಸಮೂಹದ ಧ್ವನಿಮುದ್ರಣ ನಿರ್ಮಾಪಕರಾಗಿದ್ದ ವಾಲ್ಟರ್ ಲೆಗ್ ಸ್ವತಃ ಮೈಸೂರಿಗೆ ಬಂದು ಕೆಲವು ವಾರ ತಂಗಿದ್ದರು. ಮೂವತ್ತು ತುಂಬದ ಅರಸರ ಅರಮನೆಯಲ್ಲಿ ಗಂಭೀರ ಸಂಗೀತದ ಊಹಿಸಬಹುದಾದ ಪ್ರತಿಯೊಂದು ಧ್ವನಿಮುದ್ರಣವೂ ಇತ್ತೆಂದು, ಹಲವು ಬಗೆಯ ಧ್ವನಿವರ್ಧಕಗಳೂ ದೊಡ್ಡ ಪಿಯಾನೊಗಳೂ ಇದ್ದವೆಂದು ಅವರು ಬೆರಗಿನಿಂದ ನೆನೆದಿದ್ದಾರೆ. ಸಂಗ್ರಹದ ಗಾತ್ರಕ್ಕಿಂತ ಮುಖ್ಯವಾದದ್ದು ಸಂಗ್ರಾಹಕನ ವಿವೇಚನೆ. ಜಗತ್ತು ಕೊಂಡಾಡುತ್ತಿದ್ದ ಟೊಸ್ಕನಿನಿಯ ಧ್ವನಿಮುದ್ರಣಗಳ ವೇಗ ಮತ್ತು ಬಿಗಿ ಅರಸರಿಗೆ ಒಗ್ಗಿರಲಿಲ್ಲ. ಫುರ್ಟ್‌ವೆಂಗ್ಲರ್ ಅವರ ನಿರ್ದೇಶನ ಅವರಿಗೆ ಮೆಚ್ಚಾಗಿತ್ತು. ಈ ಅಭಿಪ್ರಾಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಕೀರ್ತಿಯನ್ನು ಕೇಳಿ ತೀರ್ಮಾನಿಸದೆ ತಟ್ಟೆಯನ್ನು ಕೇಳಿ ತೀರ್ಮಾನಿಸಿದ ಕಿವಿ ಅದರ ಹಿಂದಿದೆ ಎಂಬುದು ಮಾತ್ರ ಸ್ಪಷ್ಟ.

ಇಂಥ ಕಿವಿಗೆ ಬಿದ್ದವರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿದ ಈ ರಚನಕಾರ ಕ್ರಾಂತಿಯ ಬಳಿಕ, 1921ರಲ್ಲಿ, ರಷ್ಯವನ್ನು ತೊರೆದು, ಹಲವೆಡೆ ಅಲೆದು, 1930ರ ದಶಕದ ನಡುವಿನಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಅವರ ಸಂಗೀತ ಕಾಲದ ಅಭಿರುಚಿಗೆ ಹೊರತಾಗಿತ್ತು. ಯುದ್ಧದ ವರ್ಷಗಳಲ್ಲಿ ಪಾಠದ ಆದಾಯವೂ ಪ್ರಕಾಶಕರ ಹಣವೂ ಕ್ಷೀಣಿಸಿ, 1942ರಲ್ಲಿ ಹೃದಯಾಘಾತವೂ ಆಯಿತು. ಅಂಥವರಿಗೆ, ಒಮ್ಮೆಯೂ ಮುಖ ಕಾಣದ ಮೈಸೂರಿನ ಅರಸರಿಂದ, ತಮ್ಮ ಕೃತಿಗಳನ್ನು ತಮ್ಮ ಕೈಯಿಂದಲೇ ನುಡಿಸಿ ಮುದ್ರಿಸುವ ಪ್ರಸ್ತಾಪ ಬಂದಿತು. ಎಚ್.ಎಂ.ವಿ. 1930ರ ದಶಕದಿಂದ ಅಪರೂಪದ ಸಂಗೀತಕ್ಕೆ ಸೊಸೈಟಿ ಎಂಬ ಏರ್ಪಾಟನ್ನು ಬಳಸುತ್ತಿತ್ತು. ಚಂದಾದಾರರು ಮುಂಗಡ ಹಣ ಕೊಟ್ಟರೆ ಮಾತ್ರ ತಟ್ಟೆಗಳು ಹೊರಬರುತ್ತಿದ್ದವು. ನಮ್ಮಲ್ಲಿ ಮುಂಗಡ ಚಂದಾದಿಂದ ಪುಸ್ತಕ ಪ್ರಕಟಿಸಿದ ಕ್ರಮವೇ ಅದು. ಮೆಟ್ನರ್ ಸೊಸೈಟಿಗೆ ಚಂದಾದಾರರನ್ನು ಹುಡುಕಬೇಕಾಗಲಿಲ್ಲ, ವೆಚ್ಚವನ್ನು ಮೈಸೂರು ಹೊತ್ತಿತು.

1947ರಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಚರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಿರ್ದೇಶಕರು. ಮುಂದಿನ ವರ್ಷಗಳಲ್ಲಿ ಬಿಡಿ ಪಿಯಾನೊ ರಚನೆಗಳು, ಪಿಟೀಲಿನ ಸೊನಾಟ, ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ ಗೀತೆಗಳು ಸೇರಿ ಮೂರು ಸಂಪುಟಗಳು ಸಿದ್ಧವಾದವು. ಅನಾರೋಗ್ಯದಿಂದಾಗಿ ಎಲ್ಲವನ್ನೂ ಮುದ್ರಿಸಲು ಮೆಟ್ನರ್‌ಗೆ ಆಗಲಿಲ್ಲ. 1951ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಮೂರನೆಯ ಕನ್ಚರ್ಟೊವನ್ನು ಅವರು ಕೃತಜ್ಞತೆಯೊಡನೆ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಕವಿಯ ಸ್ವಹಸ್ತಪ್ರತಿಯನ್ನು ಕವಿ ಬದುಕಿರುವಾಗಲೇ ದೊರಕಿಸಿಕೊಂಡ ಕೆಲಸ. ಮುಂದೆ ಮೆಟ್ನರ್ ಅವರನ್ನು ನುಡಿಸಿದ ವಾದಕರಿಗೆಲ್ಲ ಈ ತಟ್ಟೆಗಳು ಪ್ರಮಾಣಪಾಠವಾದವು.

ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯ ವೃಂದಕ್ಕೂ ಅರಸರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವಿನ ಭರವಸೆ ನೀಡಿದರು. ಅದರ ಕಚೇರಿ ಸಂಘಕ್ಕೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರು. ಮೈಸೂರಿನ ಸಂಗೀತ ಪ್ರತಿಷ್ಠಾನದ ನೆರವಿನಲ್ಲಿ 1949ರಲ್ಲಿ ಕಾರಯಾನ್ ಅವರ ನಿರ್ದೇಶನದಲ್ಲಿ ಬಾಲಕಿರೆವ್ ಅವರ ಮೊದಲ ಸಿಂಫನಿಯೂ ರೂಸೆಲ್ ಅವರ ನಾಲ್ಕನೆಯ ಸಿಂಫನಿಯೂ ಮುದ್ರಣಗೊಂಡವು. ಎರಡೂ ಮಾರುಕಟ್ಟೆ ಬೇಡದ ಕೃತಿಗಳೇ. ಅಂದಹಾಗೆ ರೂಸೆಲ್ 1909ರಲ್ಲಿ ಭಾರತಕ್ಕೆ ಬಂದು, ಚಿತ್ತೂರಿನ ಪದ್ಮಾವತಿಯ ಕಥೆಯನ್ನು ಸಂಗೀತನಾಟಕವಾಗಿಸಿದವರು.

ಇಲ್ಲಿ ಒಂದು ಪ್ರಶ್ನೆಯನ್ನು ಬದಿಗೆ ಸರಿಸುವುದು ಸಂಶೋಧಕನಿಗೆ ಸಲ್ಲದು. ಮೆಟ್ನರ್ ಕನ್ಚರ್ಟೊಗಳು ಮುದ್ರಣವಾದ ಅದೇ 1947ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಅದಕ್ಕೂ ಒಂಬತ್ತು ವರ್ಷ ಹಿಂದೆ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅಂಥ ನಾಡಿನ ಅರಸನೊಬ್ಬ ಲಂಡನ್ನಿನ ವಾದ್ಯವೃಂದಕ್ಕೆ ಹಣ ಕಳಿಸುವುದು ನ್ಯಾಯವೇ ಎಂದು ಮಂಡ್ಯದ ರೈತನೊಬ್ಬ ಕೇಳಿದ್ದರೆ ಅದನ್ನು ಅರಸಿಕತೆ ಎನ್ನಲಾಗದು. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಆ ಪ್ರಶ್ನೆಗೆ ಪೂರ್ತಿ ಸಮಾಧಾನಕರವಾದ ಉತ್ತರವಿಲ್ಲ. ಇಷ್ಟು ಹೇಳಬಹುದು: ಅದೇ ಅರಸರು ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದ ಸಂಹಿತೆಯನ್ನೂ ಪುರಾಣಗಳನ್ನೂ ಕನ್ನಡ ಅನುವಾದದೊಡನೆ ಓದುಗರ ಕೈಗಿತ್ತರು. ಕಾಣೆಯಾಗಬಹುದಾದುದನ್ನು ಸಂಪುಟಗಳಲ್ಲಿ ಕಟ್ಟಿ ಉಳಿಸುವ ಬುದ್ಧಿ ಎರಡು ಕಡೆಯೂ ಒಂದೇ.

ಇದೇ ವರ್ಷಗಳ ಇನ್ನೊಂದು ಕೆಲಸ ನಮಗೆ ಹೆಚ್ಚು ಹತ್ತಿರದ್ದು. ಪಟ್ಟಕ್ಕೆ ಬಂದ ಮೇಲೆ ಅರಸರು ಕರ್ನಾಟಕ ಸಂಗೀತದ ಕಡೆಗೆ ಆಳವಾಗಿ ತಿರುಗಿದರು. ವೀಣೆಯಲ್ಲಿ ವೆಂಕಟಗಿರಿಯಪ್ಪನವರು, ಶಾಸ್ತ್ರ ಮತ್ತು ರಚನೆಯಲ್ಲಿ ಮೈಸೂರು ವಾಸುದೇವಾಚಾರ್ಯರು ಅವರಿಗೆ ಮಾರ್ಗದರ್ಶಕರು. ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಆಚಾರ್ಯರು ಕನ್ನಡಿಗರಿಗೆ ‘ನಾ ಕಂಡ ಕಲಾವಿದರು’, ‘ನೆನಪುಗಳು’ ಎಂಬ ಕೃತಿಗಳಿಂದಲೂ ಪರಿಚಿತರು. 1940ರ ದಶಕದ ನಡುವಿನ ಕೆಲವೇ ವರ್ಷಗಳಲ್ಲಿ ಅರಸರು 94 ಕೃತಿಗಳನ್ನು ರಚಿಸಿದರು. ಭಾಷೆ ಸಂಸ್ಕೃತ, ಅಂಕಿತ ಶ್ರೀವಿದ್ಯಾ. ರಾಗದ ಹೆಸರು ಸಾಹಿತ್ಯದಲ್ಲೇ ಹುದುಗಿರುತ್ತದೆ. ಪ್ರಸಿದ್ಧ ರಾಗಗಳ ಜೊತೆಗೆ ದುರ್ವಾಂಕಿ, ಪ್ರತಾಪವರಾಳಿ, ಜಯಸಂವರ್ಧಿನಿಯಂಥ ವಿರಳ ರಾಗಗಳನ್ನು ಅವರು ಎತ್ತಿಕೊಂಡದ್ದು ಗಮನಾರ್ಹ. ವಿರಳ ರಾಗವನ್ನು ಆರಿಸುವ ಮನಸ್ಸೂ ಮೆಟ್ನರ್ ಅವರನ್ನು ಆರಿಸಿದ ಮನಸ್ಸೂ ಬೇರೆಯಲ್ಲ. ಪಾಶ್ಚಾತ್ಯ ಪ್ರಭಾವವನ್ನು ಈ ಕೃತಿಗಳ ಮೇಲ್ಮೈಯಲ್ಲಿ ಹುಡುಕುವವರಿಗೆ ಮಾತ್ರ ನಿರಾಶೆಯಾಗುತ್ತದೆ. ಕೃತಿಗಳ ನಡೆ ಮುತ್ತುಸ್ವಾಮಿ ದೀಕ್ಷಿತರ ದಾರಿಯದು. ಸಾವಿರಾರು ತಟ್ಟೆಗಳನ್ನು ಕೇಳಿದ ಕಿವಿ ಒಂದು ಪದ್ಧತಿಯನ್ನು ಇನ್ನೊಂದರೊಡನೆ ಬೆರೆಸಲಿಲ್ಲ. ಎರಡರ ವ್ಯಾಕರಣವನ್ನೂ ಬೇರೆ ಬೇರೆಯಾಗಿ ಬಲ್ಲವನಿಗೆ ಬೆರಕೆಯ ಅಗತ್ಯ ಕಾಣಲಿಲ್ಲವೆಂದು ತೋರುತ್ತದೆ. ಕನ್ನಡದಲ್ಲಿ ಯಾಕೆ ರಚಿಸಲಿಲ್ಲ ಎಂಬ ಕೊರಗು ನಮ್ಮದಾಗಿ ಉಳಿಯುತ್ತದೆ.

ಅವರ ಶ್ರೋತೃಜೀವನದ ಅತ್ಯಂತ ಮಾರ್ಮಿಕ ಪ್ರಸಂಗ 1950ರದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತಮ್ಮ ಬಾಳಿನ ಕೊನೆಯಲ್ಲಿ ಬರೆದ ನಾಲ್ಕು ಗೀತೆಗಳು ಅವರು ತೀರಿಕೊಂಡ ಮರುವರ್ಷ, ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟವು. ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕ ಫುರ್ಟ್‌ವೆಂಗ್ಲರ್, ವೃಂದ ಫಿಲ್‌ಹಾರ್ಮೋನಿಯ. ಈ ಪ್ರಥಮ ಪ್ರಯೋಗಕ್ಕೆ 4,800 ಡಾಲರುಗಳ ಖಾತರಿ ನೀಡಿ, ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸುವಂತೆ ಏರ್ಪಡಿಸಿದವರು ಜಯಚಾಮರಾಜರು. ಆ ಸಂಜೆ ಅವರು ಸಭೆಯಲ್ಲಿರಲಿಲ್ಲ. ಸಂಸ್ಥಾನ ಗಣರಾಜ್ಯದಲ್ಲಿ ಲೀನವಾಗಿ ನಾಲ್ಕು ತಿಂಗಳಾಗಿತ್ತು, ಅರಸರು ರಾಜಪ್ರಮುಖರಾಗಿದ್ದರು. ಮೂರು ಗೀತೆಗಳ ಸಾಹಿತ್ಯ ಹೆರ್ಮನ್ ಹೆಸ್ಸೆಯವರದು, ಒಂದು ಐಖೆಂಡಾರ್ಫ್ ಕವಿಯದು. ವಸಂತದ ಗೀತೆಯೊಂದನ್ನು ಬಿಟ್ಟರೆ ಉಳಿದವು ಸಂಜೆ, ನಿದ್ರೆ, ವಿದಾಯಗಳ ಸುತ್ತ ಹೆಣೆದ ಭಾವಗೀತೆಗಳು. ಅಂದು ಹಾಡಿದ ಕ್ರಮ ಇಂದು ಮುದ್ರಿತ ಪ್ರತಿಯಲ್ಲಿರುವ ಕ್ರಮವಲ್ಲ. ಈಗ ಮೊದಲಿಗೆ ಬರುವ ವಸಂತದ ಗೀತೆ ಆ ರಾತ್ರಿ ಮೂರನೆಯದಾಗಿ ಬಂದಿತ್ತು, ನಿದ್ರೆಗೆ ಜಾರುವ ಗೀತೆ ಮೊದಲನೆಯದಾಗಿತ್ತು. ಕ್ರಮ ಬದಲಾದರೆ ಭಾವದ ಏರಿಳಿತವೂ ಬದಲಾಗುತ್ತದೆ ಎಂಬುದನ್ನು ಒಂದಾದ ಮೇಲೊಂದು ಕೇಳಿದವರು ಬಲ್ಲರು. ಪ್ರಯೋಗದ ಆ ಧ್ವನಿಮುದ್ರಣ ಕರಕರ ಸದ್ದಿನ ನಡುವೆಯೂ ಉಳಿದು, ಮುಂದೆ ಎಲ್.ಪಿ. ಮತ್ತು ಸಿ.ಡಿ.ಗಳಾಗಿ ಹೊರಬಂದಿದೆ. ಮೆಟ್ನರ್ ತಟ್ಟೆಗಳೂ 1990ರ ದಶಕದಲ್ಲಿ ಸಿ.ಡಿ.ಗಳಾದವು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1956ರಿಂದ 1964ರವರೆಗೆ ಮೈಸೂರು ರಾಜ್ಯದ, ಅನಂತರ 1966ರವರೆಗೆ ಮದ್ರಾಸ್ ರಾಜ್ಯದ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೊ ಗೌರವ ಸಂದಿತು. ದತ್ತಾತ್ರೇಯ ತತ್ತ್ವ, ಗೀತೆ, ಭಾರತೀಯ ಸೌಂದರ್ಯಮೀಮಾಂಸೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ರಾಜಧನ 1971ರಲ್ಲಿ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ, ಐವತ್ತೈದರ ಪ್ರಾಯದಲ್ಲಿ, ಅವರು ನಿಧನರಾದರು.

ಅಠಾಣ ರಾಗದ ಅವರ ಗಣಪತಿ ಕೃತಿ, ಗಂಭೀರನಾಟ ರಾಗದಲ್ಲಿ ಜಾಲಂಧರ ಪೀಠದ ದೇವಿಯನ್ನು ಕುರಿತ ಕೃತಿ ಇಂದು ಕಚೇರಿಗಳಲ್ಲಿ ಬಳಕೆಯಲ್ಲಿವೆ. ಅಂಕಿತದಲ್ಲಿ ಹೆಸರಿಲ್ಲದ ಕಾರಣ, ಶೈಲಿಯ ಹೋಲಿಕೆಯಿಂದ, ಅವನ್ನು ದೀಕ್ಷಿತರವೆಂದೇ ತಿಳಿಯುವ ಶ್ರೋತೃಗಳೂ ಇದ್ದಾರೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಓಲೆಗರಿಗಳಿಗೆ ಸೂಚಿಗಳಿವೆ, ಪಾಠಪರಿಷ್ಕರಣದ ಶಾಸ್ತ್ರವಿದೆ. ಕನ್ನಡದ ರಂಗಗೀತೆ, ಭಾವಗೀತೆ, ಚಿತ್ರಗೀತೆಗಳನ್ನು ಹೊತ್ತ ಅರಗಿನ ತಟ್ಟೆಗಳಿಗೆ ಅಂಥ ಸೂಚಿ ಬಹುಮಟ್ಟಿಗೆ ಇಲ್ಲ. ಹಳೆಯ ಮನೆಗಳ ಅಟ್ಟದ ಮೇಲೆ, ಗುಜರಿ ಅಂಗಡಿಗಳಲ್ಲಿ ಅವು ಇನ್ನೂ ಸಿಗುತ್ತವೆ, ಬಿದ್ದರೆ ಒಡೆಯುತ್ತವೆ.