ಪೊರೆ ತೆಗೆದ ಮೋದಿ ಡಾಕ್ಟರು

ನಮ್ಮ ರೊದ್ದಂ ಸೀಮೆಯಲ್ಲಿ ಕಣ್ಣಿನ ಪೊರೆಗೆ ಕನ್ನಡದೋರು ಪೊರೆ ಅಂತಾರೆ, ತೆಲುಗಿನೋರು ಪೊರ ಅಂತಾರೆ. ಕಷ್ಟ ಮಾತ್ರ ಒಂದೇ. ಹೊಲದಲ್ಲಿ ಕಳೆ ಯಾವುದು, ಪೈರು ಯಾವುದು ಗೊತ್ತಾಗಲ್ಲ. ಮಂಡಿಯಲ್ಲಿ ತಕ್ಕಡಿ ಮುಳ್ಳು ಕಾಣಲ್ಲ, ಎಣಿಸಿ ಕೊಟ್ಟಷ್ಟೇ ದುಡ್ಡು. ನಾನು ಹುಡುಗನಾಗಿದ್ದಾಗ ಇಂಥ ಮುದುಕರನ್ನು ಜಗಲಿ ಮೇಲೆ ಕೂರಿಸಿಬಿಡ್ತಿದ್ದರು. ಆಪರೇಷನ್ ಅಂದರೆ ಪಟ್ಟಣಕ್ಕೆ ಹೋಗಬೇಕು, ಜೊತೆಗೊಬ್ಬರು ಕೂಲಿ ಬಿಟ್ಟು ಬರಬೇಕು. ಹಂಗಾಗಿ ಬಹಳ ಜನ ಹೋಗುತ್ತಲೇ ಇರಲಿಲ್ಲ.

ಈ ಸಂಗತಿಯನ್ನು ಚೆನ್ನಾಗಿ ಅರಿತವರು ಡಾ. ಎಂ.ಸಿ. ಮೋದಿ. ಮೋದಿ ಅಂದರೆ ಈಗಿನ ಹುಡುಗರಿಗೆ ಬೇರೆಯವರೇ ನೆನಪಾಗ್ತಾರೆ. ಇವರು ಮುರುಗೆಪ್ಪ ಚನ್ನವೀರಪ್ಪ ಮೋದಿ, 1916ರಲ್ಲಿ ಹುಟ್ಟಿದವರು, ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ಕಣ್ಣು ಕಾಣದವನು ಡಾಕ್ಟರನ್ನು ಹುಡುಕಿಕೊಂಡು ಎಲ್ಲಿಗೆ ಹೋದಾನು, ಡಾಕ್ಟರೇ ಅವನಿದ್ದಲ್ಲಿಗೆ ಹೋಗಬೇಕು ಅಂತ 1943ರಿಂದ ಊರೂರು ತಿರುಗಿ ಶಿಬಿರ ನಡೆಸಿದರು. ಕರ್ನಾಟಕವೂ ಆಯಿತು, ನಮ್ಮ ಆಂಧ್ರವೂ ಆಯಿತು. ಬಡವರಿಂದ ದುಡ್ಡು ಮುಟ್ಟಲಿಲ್ಲ.

ಅವರ ಕೆಲಸದ ಕ್ರಮವನ್ನು ಒಕ್ಕಣೆ ಕಂಡ ರೈತ ಬೇಗ ತಿಳಿಕೊಳ್ತಾನೆ. ಮೇಜುಗಳನ್ನು ಸಾಲಾಗಿ ಹಾಕೋದು. ಸಹಾಯಕರು ಕಣ್ಣು ತೊಳೆದು, ಮರಗಟ್ಟುವ ಔಷಧಿ ಕೊಟ್ಟು ರೋಗಿಯನ್ನು ಸಿದ್ಧ ಮಾಡಿರೋರು. ಡಾಕ್ಟರು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ ಪೊರೆ ತೆಗೆಯೋದು, ಹಿಂದೆ ಬಂದವರು ಪಟ್ಟಿ ಕಟ್ಟೋದು. ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಲೆಕ್ಕ ಹಾಕಿ ನೋಡಿದೆ, ಹದಿನಾಲ್ಕು ಗಂಟೆ ಬಿಡದೆ ನಿಂತರೂ ಒಂದು ಕಣ್ಣಿಗೆ ಸುಮಾರು ಒಂದೇ ನಿಮಿಷ! 1993ರ ಫೆಬ್ರವರಿವರೆಗೆ ಅದೇ ಪುಸ್ತಕ ಕೊಟ್ಟ ಲೆಕ್ಕ 46,120 ಹಳ್ಳಿ, 6,10,564 ಆಪರೇಷನ್.

ಆಗ ಕಣ್ಣೊಳಗೆ ಮಸೂರ ಕೂರಿಸೋ ಪದ್ಧತಿ ಹಳ್ಳಿ ಕಡೆಗೆ ಬಂದಿರಲಿಲ್ಲ. ಪೊರೆ ತೆಗೆಸಿಕೊಂಡವರು ಕೆಲವು ದಿನ ಅಲುಗಾಡದೆ ಮಲಗಿ, ಆಮೇಲೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಳ್ಳಬೇಕು. ಅದನ್ನು ನೋಡಿ ನಗುತ್ತಿದ್ದ ಹುಡುಗರಿಗೆ, ಆ ಕನ್ನಡಕ ತೆಗೆದರೆ ತಾತನಿಗೆ ಎದುರಿನ ಮುಖವೂ ಮಸುಕು ಅನ್ನೋದು ತಿಳಿಯುತ್ತಿರಲಿಲ್ಲ.

ಶಾಲೆ, ಛತ್ರಗಳಲ್ಲಿ ಕಣ್ಣು ಕೊಯ್ಯುವ ಶಿಬಿರಗಳು ಕ್ರಮೇಣ ನಿಂತವು. ನಂಜಾದರೆ ಇದ್ದ ಬೆಳಕೂ ಹೋಗುತ್ತೆ, ಆಪರೇಷನ್ ಆಸ್ಪತ್ರೆಯಲ್ಲೇ ಆಗಬೇಕು ಅನ್ನೋದು ಈಗಿನ ನಿಯಮ. ಅದು ಸರಿಯೇ. ಆದರೆ ಆ ಕಾಲಕ್ಕೆ ಹಳ್ಳಿಯ ಮುದುಕನ ಮುಂದೆ ಇದ್ದದ್ದು ಒಳ್ಳೆ ಆಸ್ಪತ್ರೆ ಅಲ್ಲ. ಶಿಬಿರ, ಇಲ್ಲವಾದರೆ ಜಗಲಿ. ಮೋದಿಯವರ ಅವಸರವನ್ನು ಅಳೆಯುವವರು ಇದನ್ನೂ ತಕ್ಕಡಿಗೆ ಹಾಕಬೇಕು ಅಂತ ನನ್ನ ಅನಿಸಿಕೆ.

1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಾಸ್ಪತ್ರೆಯೂ ಆಯಿತು. 2005ರ ನವೆಂಬರಿನಲ್ಲಿ ತೀರಿಕೊಂಡರು. ಯಶವಂತಪುರ ಮಂಡಿಗೆ ಮಾಲು ಹಾಕೋ ನಮ್ಮ ಕಡೆಯ ವ್ಯಾಪಾರಿಗಳು ಕಾರ್ಡ್ ರಸ್ತೆ ಹಿಡಿದರೆ, ಡಾ. ಮೋದಿ ಆಸ್ಪತ್ರೆ ರಸ್ತೆ ಅಲ್ಲೇ ಸಿಗುತ್ತೆ.