ಸಹಾಬಿಗಳಿಗೂ ಗುರುವಾದ ಮಾತೆ: ಹಜ್ರತ್ ಆಯಿಶಾ(ರ)



ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೋ ಮೈಸೂರಿಗೋ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನು ನೀವು ನೋಡಿರುತ್ತೀರಿ. ಎಸ್ಸೆಸ್ಸೆಲ್ಸಿ ಆಯಿತಲ್ಲ, ಹೆಣ್ಣುಮಗಳಿಗೆ ಇನ್ನು ಓದು ಸಾಕು ಎನ್ನುವ ಮಾತನ್ನೂ ಕೇಳಿರುತ್ತೀರಿ. ಕೆಲವರು ಈ ಮಾತಿಗೆ ದೀನ್‌ನ ಹೆಸರನ್ನೂ ಸೇರಿಸುತ್ತಾರೆ. ಹಾಗೆ ಹೇಳುವ ಮುನ್ನ ಉಮ್ಮುಲ್ ಮೂಮಿನೀನ್ ಹಜ್ರತ್ ಆಯಿಶಾ(ರ) ಅವರ ಬದುಕನ್ನು ಒಮ್ಮೆ ನೆನೆಯೋಣ.

ಹಜ್ರತ್ ಅಬೂಬಕರ್ ಸಿದ್ದೀಕ್(ರ) ಮತ್ತು ಉಮ್ಮು ರೂಮಾನ್(ರ) ಅವರ ಮಗಳಾಗಿ ಮಕ್ಕಾದಲ್ಲಿ ಹುಟ್ಟಿದ ಆಯಿಶಾ(ರ), ಪ್ರವಾದಿ ಮುಹಮ್ಮದ್(ಸ)ರ ಪತ್ನಿಯಾಗಿ ಮದೀನಾದ ಮಸೀದಿಗೆ ಹೊಂದಿಕೊಂಡ ಪುಟ್ಟ ಕೋಣೆಯಲ್ಲಿ ಬಾಳಿದರು. ತಿಳಿಯದ್ದನ್ನು ತಿಳಿಯುವವರೆಗೂ ಮತ್ತೆ ಮತ್ತೆ ಕೇಳುವುದು ಅವರ ಸ್ವಭಾವವಾಗಿತ್ತು. ಪ್ರವಾದಿ(ಸ) ಆ ಪ್ರಶ್ನೆಗಳನ್ನು ತಡೆಯಲಿಲ್ಲ, ತಾಳ್ಮೆಯಿಂದ ಉತ್ತರಿಸಿದರು.

ಹಿಜರಿ 11ರಲ್ಲಿ (ಕ್ರಿ.ಶ. 632) ಪ್ರವಾದಿ(ಸ) ಅದೇ ಕೋಣೆಯಲ್ಲಿ ಇಹಲೋಕ ತ್ಯಜಿಸಿದರು. ಆ ಬಳಿಕ ಸುಮಾರು 47 ವರ್ಷ ಬದುಕಿದ್ದ ಆಯಿಶಾ(ರ) ಅವರ ಮನೆ ಒಂದು ಪಾಠಶಾಲೆಯೇ ಆಗಿತ್ತು. ಹೆಂಗಸರು, ಮಕ್ಕಳು ಬಳಿಯಲ್ಲಿ ಕುಳಿತು ಕಲಿತರೆ, ಪರಪುರುಷರು ಪರದೆಯ ಆಚೆಯಿಂದ ಕಲಿತರು. ಹಜ್ಜ್ ಕಾಲದಲ್ಲಿ ಮಕ್ಕಾದ ಸಬೀರ್ ಬೆಟ್ಟದ ಬಳಿ ಅವರು ತಂಗಿದ್ದ ಡೇರೆಗೂ ಜನ ಬರುತ್ತಿದ್ದರು. ಹಿರಿಯ ಸಹಾಬಿಗಳೂ ಆನುವಂಶಿಕ ಆಸ್ತಿಯ ಪಾಲಿನಂಥ ಕಠಿಣ ವಿಷಯಗಳನ್ನು ಅವರಲ್ಲಿ ಕೇಳುತ್ತಿದ್ದರು. ಅವರ ಮೂಲಕ ಬಂದ ಹದೀಸ್‌ಗಳ ಸಂಖ್ಯೆ 2210.

ಕೇಳಿದ್ದನ್ನು ಒಪ್ಪಿಸುವುದಷ್ಟೇ ಅವರ ವಿದ್ಯೆಯಾಗಿರಲಿಲ್ಲ, ಇನ್ನೊಬ್ಬರು ತಪ್ಪಿದಲ್ಲಿ ತಿದ್ದುತ್ತಿದ್ದರು. ಕಡ್ಡಾಯ ಸ್ನಾನದ ವೇಳೆ ಹೆಂಗಸರು ಹೆಣೆದ ಜಡೆಯನ್ನು ಬಿಚ್ಚಲೇಬೇಕೆಂದು ಸಹಾಬಿಯೊಬ್ಬರು ಹೇಳಿದಾಗ, ಪ್ರವಾದಿ(ಸ)ರ ಕಾಲದ ತಮ್ಮ ಸ್ವಂತ ರೂಢಿಯನ್ನೇ ಮುಂದಿಟ್ಟು ಅದು ಬೇಕಿಲ್ಲವೆಂದು ತೋರಿಸಿದರು. ಮನೆಯವರ ಅಳುವಿನಿಂದ ಸತ್ತವರಿಗೆ ಶಿಕ್ಷೆಯಾಗುತ್ತದೆ ಎಂಬ ಮಾತು ಬಂದಾಗ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಕುರ್‌ಆನಿನ ತತ್ವವನ್ನು ನೆನಪಿಸಿದರು. ಇಂಥ ತಿದ್ದುಪಡಿಗಳನ್ನೇ ಕೂಡಿಸಿ ಇಮಾಮ್ ಝರ್ಕಶಿ 14ನೇ ಶತಮಾನದಲ್ಲಿ ಒಂದು ಗ್ರಂಥ ಬರೆದರು.

ಅವರ ಬದುಕಿನಲ್ಲಿ ನೋವಿನ ಅಧ್ಯಾಯವೂ ಉಂಟು. ಹಿಜರಿ 36ರ (ಕ್ರಿ.ಶ. 656) ಜಮಲ್ ಯುದ್ಧದಲ್ಲಿ ಮುಸ್ಲಿಮರ ರಕ್ತ ಮುಸ್ಲಿಮರಿಂದಲೇ ಹರಿಯಿತು. ಅದಕ್ಕಾಗಿ ಅವರು ಕೊನೆಯವರೆಗೂ ಮರುಗಿದರು. ಮದೀನಾಕ್ಕೆ ಮರಳಿ ಉಳಿದ ಆಯುಷ್ಯವನ್ನು ಬೋಧನೆಗೆ ಮೀಸಲಿಟ್ಟರು.

ಅವರ ಶಿಷ್ಯರನ್ನು ನೋಡಿ. ಅಕ್ಕ ಅಸ್ಮಾ(ರ) ಅವರ ಮಗ ಉರ್ವಾ, ತಂದೆಯನ್ನು ಕಳೆದುಕೊಂಡಿದ್ದ ತಮ್ಮನ ಮಗ ಕಾಸಿಮ್ ಇಬ್ಬರೂ ಮದೀನಾದ ಪ್ರಸಿದ್ಧ ಏಳು ಫುಕಹಾಗಳಲ್ಲಿ ಸೇರಿದರು. ಅವರ ಆಶ್ರಯದಲ್ಲೇ ಬೆಳೆದ ಹುಡುಗಿ ಅಮ್ರಾ ಬಿಂತ್ ಅಬ್ದುರ್ರಹ್ಮಾನ್ ಮುಂದೆ ದೊಡ್ಡ ವಿದ್ವಾಂಸೆಯಾದರು. ಹದೀಸ್‌ಗಳು ಅಳಿಯಬಾರದೆಂದು ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ ಬರೆದಿಡಲು ಆದೇಶಿಸಿದಾಗ, ಅಮ್ರಾರಿಂದ ಬಂದ ಹದೀಸ್‌ಗಳನ್ನು ಹೆಸರಿಸಿಯೇ ಹೇಳಿದರು.

ಹಿಜರಿ 58ರ (ಕ್ರಿ.ಶ. 678) ರಂಝಾನಿನಲ್ಲಿ ಆಯಿಶಾ(ರ) ನಿಧನರಾದರು. ಹಜ್ರತ್ ಅಬೂಹುರೈರಾ(ರ) ಜನಾಝಾ ನಮಾಝ್‌ಗೆ ನೇತೃತ್ವ ನೀಡಿದರು. ರಾತ್ರಿಯಲ್ಲೇ ಜನ್ನತುಲ್ ಬಕೀಯಲ್ಲಿ ದಫನ ನಡೆಯಿತು. ಅವರು ಹಚ್ಚಿದ ದೀಪ ಅಲ್ಲಿಗೇ ಆರಲಿಲ್ಲ. 2021ರಲ್ಲಿ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿ ಅವರು ಹದೀಸ್ ಕಲಿಸಿದ ಸಾವಿರಾರು ಮಹಿಳೆಯರ ಪರಿಚಯವನ್ನು 43 ಸಂಪುಟಗಳಲ್ಲಿ ಹೊರತಂದರು.

ಓದುಗರೇ, ಇನ್ನೊಮ್ಮೆ ಯೋಚಿಸಿ. ಆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳ ಪ್ರಶ್ನೆಗೆ ತಡೆ ಬಿದ್ದಿದ್ದರೆ ನಮ್ಮ ದೀನ್‌ನ ಎಷ್ಟು ಅರಿವು ನಮ್ಮ ಕೈ ಸೇರುತ್ತಿರಲಿಲ್ಲ! ಇಂದು ನಿಮ್ಮ ಮನೆಯ ಮಗಳು ಪುಸ್ತಕ ಹಿಡಿದು ಏನನ್ನೋ ಕೇಳುತ್ತಿರಬಹುದು. ಗೊತ್ತಿದ್ದರೆ ಉತ್ತರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಬಳಿಗೆ, ಮದ್ರಸಾಕ್ಕೂ ಕಾಲೇಜಿಗೂ, ಕಳಿಸಿಕೊಡಿ. ವಿದ್ಯಾರ್ಥಿನಿಯರೇ, ನೀವೂ ಕೇಳುವುದನ್ನು ನಿಲ್ಲಿಸಬೇಡಿ. ಕಲಿತದ್ದನ್ನು ನಿಮ್ಮ ಓಣಿಯ ಇನ್ನೊಂದು ಹುಡುಗಿಗೆ ಕಲಿಸಿ. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.